ಸೊಳ್ಳೆ ಮಾವ ಮತ್ತು ಪೂರ್ವದ ಮೂಲೆಯ ನೀರು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಕಚೇರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಮೂವತ್ತೊಂದು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಊರಿನ ಚರಂಡಿ, ಹೊಂಡ, ಕೆರೆಗಳಿಗೆಲ್ಲ ಸೊಳ್ಳೆ ಎಣ್ಣೆ ಹೊಡೆದವನು. ಬೀದಿಯ ಮಕ್ಕಳಿಗೆ ಅವನು ಸೊಳ್ಳೆ ಮಾವ. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರ ಮಕ್ಕಳಿಗೂ ಸೊಳ್ಳೆ ಮಾವನೇ ಆದ. ಹೆಂಡತಿ ಮಾತ್ರ, ಅವನ ಬಟ್ಟೆಯ ವಾಸನೆ ತಡೆಯಲಾರದೆ, “ನಿಮ್ಮ ಸೊಳ್ಳೆ ಸಂಸಾರಾನ ಹೊರಗಿಟ್ಟು ಒಳಗೆ ಬನ್ನಿ” ಎಂದು ಬಾಗಿಲಲ್ಲೇ ಟವೆಲು ಎಸೆಯುತ್ತಿದ್ದಳು.

ಈ ಕೆಲಸಕ್ಕೆ ಅವನು ಹೊಟ್ಟೆಪಾಡಿಗಷ್ಟೇ ಸೇರಿದ್ದಲ್ಲ. ಅವನ ತಾಯಿಗೆ ಆನೆಕಾಲು ಇತ್ತು. ಮೊಣಕಾಲಿನ ಕೆಳಗೆ ಊದಿಕೊಂಡು ಕಂಬದಂತಾಗಿದ್ದ ಆ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಅವಳು ತರಕಾರಿ ಹೆಚ್ಚುತ್ತಿದ್ದಳು. ಅದು ಸೊಳ್ಳೆಯಿಂದ ಬರುವ ರೋಗ ಎಂದು ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರ ನೋಡಿ ತಿಳಿದುಕೊಂಡಾಗ ಅವನಿಗೆ ಹದಿನೆಂಟು. ಹತ್ತು ವರ್ಷ ಕೂಲಿನಾಲಿ ಮಾಡಿ ಕಳೆದ ಮೇಲೆ, ಆರೋಗ್ಯ ಕಚೇರಿಯಲ್ಲಿ ಪಂಪು ಹೊರುವವರು ಬೇಕೆಂದು ಗೊತ್ತಾದ ದಿನವೇ ಹೋಗಿ ನಿಂತ. “ಭಾರ ಇರುತ್ತಪ್ಪ, ಬೆನ್ನು ಬಿದ್ದುಹೋಗುತ್ತೆ” ಎಂದ ಗುಮಾಸ್ತನಿಗೆ, “ನಮ್ಮಮ್ಮನ ಕಾಲಿಗಿಂತ ಭಾರಾನಾ ಸಾರ್?” ಎಂದು ಕೇಳಿದ್ದನಂತೆ.

ಕೆಲಸದಲ್ಲಿ ಅವನಿಗೆ ಒಂದು ಹದವಿತ್ತು. ಎಣ್ಣೆ ಪಿಚಕಾರಿಯಂತೆ ಎರಚುವವರನ್ನು ಕಂಡರೆ ಅವನಿಗಾಗದು. ಮಣಿಕಟ್ಟು ಸ್ವಲ್ಪವೇ ತಿರುಗಿಸಿ, ನೀರಿನ ಮೇಲೆ ಬಣ್ಣದ ಪೊರೆ ತೆಳ್ಳಗೆ ಹರಡುವಂತೆ ಹೊಡೆಯುತ್ತಿದ್ದ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಿದ್ದ. ಬಾಲ ಮೇಲೆ ಮಾಡಿ ನೇತಾಡುತ್ತಿದ್ದ ಸೊಳ್ಳೆ ಮರಿಗಳು ಉಸಿರಿಗೆಂದು ಮೇಲೆ ಬಂದು, ಪೊರೆಗೆ ಸಿಕ್ಕಿ, ಒದ್ದಾಡಿ, ತಳಕ್ಕಿಳಿಯುತ್ತಿದ್ದವು. ಕೊನೆಯದು ಇಳಿಯುವವರೆಗೂ ಅವನು ಏಳುತ್ತಿರಲಿಲ್ಲ.

ಊರಂಚಿನ ಕೆರೆಗೆ ಅವನ ಸರದಿ ವಾರಕ್ಕೊಂದು ಸಲ. ಕೆರೆಯೆಂದರೆ ಮುಕ್ಕಾಲು ಪಾಲು ಜೊಂಡು, ನೈದಿಲೆ, ತೇಲುವ ಅಂತರಗಂಗೆ. ನೀರು ಕಾಣುತ್ತಿದ್ದದ್ದು ಕಲ್ಲಿನ ಮೆಟ್ಟಿಲುಗಳ ಹತ್ತಿರ ಮಾತ್ರ. ಆ ಮೆಟ್ಟಿಲುಗಳ ಮೇಲೆ ಜಮಖಾನೆ ತೊಳೆಯುವವನೊಬ್ಬನಿದ್ದ. ಸಭಾಂಗಣಗಳ, ಹೋಟೆಲುಗಳ, ದೊಡ್ಡ ಮನೆಗಳ ಜಮಖಾನೆಗಳನ್ನು ಕೈಗಾಡಿಯಲ್ಲಿ ತಂದು, ಮೆಟ್ಟಿಲ ಮೇಲೆ ಹಾಸಿ, ಕಾಲಿನಿಂದ ತುಳಿದು ತೊಳೆಯುವುದು ಅವನ ಕಸುಬು. ಸೊಳ್ಳೆ ಮಾವನಿಗೂ ಅವನಿಗೂ ಒಂದೇ ವಯಸ್ಸು. ಒಬ್ಬನನ್ನೊಬ್ಬ ಕರೆಯುತ್ತಿದ್ದದ್ದು “ಲೇ ಸೊಳ್ಳೆ”, “ಏನೋ ಜಮಖಾನೆ” ಎಂದೇ. ಸರದಿ ಊರಿನ ಯಾವ ಮೂಲೆಯಲ್ಲಿದ್ದರೂ ಸೊಳ್ಳೆ ಮಾವ ದಿನಾ ಹತ್ತು ಗಂಟೆಗೆ ಮೆಟ್ಟಿಲಿಗೆ ಬರುತ್ತಿದ್ದ, ಜಮಖಾನೆಯವನ ಫ್ಲಾಸ್ಕಿನಿಂದ ಚಹಾ. ಮುಚ್ಚಳದಲ್ಲಿ ಒಬ್ಬನಿಗೆ, ಗಾಜಿನ ಲೋಟದಲ್ಲಿ ಒಬ್ಬನಿಗೆ. ಲೋಟ ಯಾವಾಗಲೂ ಸೊಳ್ಳೆ ಮಾವನಿಗೆ. “ನೀನು ಸರ್ಕಾರಿ ಮನುಷ್ಯ, ಮುಚ್ಚಳದಲ್ಲಿ ಕುಡಿದರೆ ನಿಮ್ಮ ಇಲಾಖೆ ಮರ್ಯಾದೆ ಏನಾಗ್ಬೇಕು” ಎಂದು ಅವನು ನಗುತ್ತಿದ್ದ.

ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ ಎನ್ನುವಾಗ ಕೆರೆಯಲ್ಲಿ ಟೀಚರಮ್ಮ ಕಾಣಿಸಿಕೊಂಡರು. ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ವಾರದಲ್ಲಿ ಎರಡು ದಿನ ಬೆಳಿಗ್ಗೆ, ಗಂಡಸರ ಹಾಗೆ ಮೊಣಕಾಲಿನವರೆಗೆ ಬರುವ ರಬ್ಬರು ಬೂಟು ಹಾಕಿಕೊಂಡು, ಬಿಳಿ ಬೇಸಿನ್ನು, ಟೀ ಸೋಸುವ ಜಾಲರಿ, ನೋಟು ಪುಸ್ತಕ ಹಿಡಿದು ನೀರಿಗಿಳಿಯುತ್ತಿದ್ದರು. ಮೊದಲು ಅವನಿಗೆ ತಮಾಷೆಯಾಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಏನು ಹುಡುಕ್ತಿದೀರಾ ಮೇಡಂ? ಉಂಗುರ ಕಳ್ಕೊಂಡ್ರಾ?”

“ಬನ್ನಿ ಅಣ್ಣಾ, ನೋಡಿ” ಎಂದರು ಅವರು.

ನೈದಿಲೆಯ ಎಲೆಯೊಂದನ್ನು ಮಗುಚಿ ಬೇಸಿನ್ನಿನಲ್ಲಿ ಹಾಕಿದ್ದರು. ಸೊಳ್ಳೆ ಮಾವ ಇಪ್ಪತ್ತೇಳು ವರ್ಷದಿಂದ ಎಲೆಯ ಮೇಲ್ಭಾಗವನ್ನಷ್ಟೇ ಕಂಡಿದ್ದವನು. ಅಡಿಯಲ್ಲಿ ಒಂದು ಬೀದಿಯೇ ಇತ್ತು. ಕೂದಲೆಳೆಯಂಥ ಒಂದು ಹುಳು ಎಲೆಯ ಒಳಗೇ ಸುರಂಗ ಕೊರೆದುಕೊಂಡು ಹೋಗಿತ್ತು. ಅದರ ದಾರಿ ಹೊರಗಿನಿಂದ ಬಿಳಿ ಗೆರೆಯಾಗಿ ಕಾಣುತ್ತಿತ್ತು. ಇನ್ನೊಂದು, ಎಲೆಯಿಂದಲೇ ಎರಡು ಚೂರು ಕತ್ತರಿಸಿ, ನಡುವೆ ತಾನು ಕುಳಿತು, ರೇಷ್ಮೆಯಿಂದ ಹೊಲಿದುಕೊಂಡಿತ್ತು. “ಇದು ಪತಂಗದ ಮರಿ, ಅಂಗಿ ತಾನೇ ಹೊಲ್ಕೊಳ್ಳುತ್ತೆ” ಎಂದರು. ಕಾಂಡದ ಮೇಲೆ ಮೂರು ಗರಿಯ ಬಾಲದ, ಕಡ್ಡಿಯಂಥ ಪ್ರಾಣಿ ಅಂಟಿಕೊಂಡಿತ್ತು. ಏರೋಪ್ಲೇನ್ ಚಿಟ್ಟೆಯ ಸಣ್ಣ ಜಾತಿಯೊಂದರ ಮರಿಯಂತೆ ಅದು. ನೋಡನೋಡುತ್ತಿದ್ದಂತೆ ಅದರ ಗದ್ದದ ಕೆಳಗಿಂದ ಮಡಚಿಟ್ಟ ಕೈಯಂಥದ್ದೊಂದು ಚಿಮ್ಮಿ, ಪಕ್ಕದಲ್ಲಿ ಕುಣಿಯುತ್ತಿದ್ದ ಸೊಳ್ಳೆ ಮರಿಯನ್ನು ಎಳೆದುಕೊಂಡು ಬಾಯಿಗೆ ಹಾಕಿಕೊಂಡಿತು.

“ನಿಮ್ಮ ಇಲಾಖೆಯವರೇ ಇವರು” ಎಂದರು ಟೀಚರಮ್ಮ. “ಹಾಜರಿ ಇಲ್ಲ ಅಷ್ಟೇ.”

ಅವನಿಗೆ ಆ ಮಾತು ಬಹಳ ಹಿಡಿಸಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿದ, ಮೊಮ್ಮಗಳಿಗೂ ಹೇಳಿದ. ಮಗಳ ಮಗಳಾದ ಅವಳು ಇವರ ಮನೆಯಲ್ಲೇ ಇದ್ದು ಓದುತ್ತಿದ್ದಳು, ಮುಂದೆ ಅದೇ ಹೈಸ್ಕೂಲಿಗೆ ಸೇರಿದಳು.

ಅಲ್ಲಿಂದ ಮುಂದೆ ಟೀಚರಮ್ಮ ಬಂದ ದಿನ ಅವನು ಪಂಪು ಇಳಿಸಿ ಹತ್ತು ನಿಮಿಷ ಅವರ ಬೇಸಿನ್ನಿನ ಮುಂದೆ ಕೂರುತ್ತಿದ್ದ. ಒಂದು ದಿನ ಅವರು ತೇಲುತ್ತಿದ್ದ ಅಂತರಗಂಗೆ ಗಿಡವೊಂದನ್ನು ಬೇರುಸಮೇತ ಎತ್ತಿ, ಬೇಸಿನ್ನಿನ ನೀರಿನಲ್ಲಿ ಜೋರಾಗಿ ಅಲ್ಲಾಡಿಸಿದರು. ಗಡ್ಡದಂಥ ಬೇರುಗಳಿಂದ ಏನೇನೋ ಉದುರಿತು. ಕೆಸರು ತಳಕ್ಕೆ ಕೂತ ಮೇಲೆ ಹತ್ತಿಪ್ಪತ್ತು ಮರಿಗಳು ಕಂಡವು.

“ಸೊಳ್ಳೇನೇ” ಎಂದ ಅವನು, ನೋಡಿದ ಕೂಡಲೇ. ಆಮೇಲೆ ಹುಬ್ಬು ಗಂಟಿಕ್ಕಿದ. “ಆದರೆ ಇವು ಮೇಲೆ ಬರ್ತಾ ಇಲ್ಲವಲ್ಲ?”

“ಬರಲ್ಲ ಅಣ್ಣಾ. ಇವಕ್ಕೆ ಬಾಲದ ತುದೀಲಿ ಗರಗಸದಂಥ ಮೂತಿ ಇದೆ. ಅದನ್ನ ಬೇರಿಗೆ ಚುಚ್ಚಿ, ಬೇರೊಳಗಿನ ಗಾಳೀನೇ ಎಳ್ಕೊಳ್ಳುತ್ವೆ. ಹುಟ್ಟಿದಾಗಿಂದ ರೆಕ್ಕೆ ಬರೋವರೆಗೂ ಮೇಲೆ ಬರೋ ಅಗತ್ಯಾನೇ ಇಲ್ಲ.”

“ಹಾಗಾದರೆ ಎಣ್ಣೆ?”

ಟೀಚರಮ್ಮ ಬೇಸಿನ್ನಿನ ನೀರನ್ನು ಬೆರಳಿನಿಂದ ಕಲಕಿದರು. “ಮೇಲಿನ ಪೊರೆ ಇವನ್ನ ಮುಟ್ಟಲ್ಲ” ಎಂದರು. “ಆನೆಕಾಲು ರೋಗ ಹರಡೋ ಸೊಳ್ಳೆಗಳಲ್ಲಿ ಇದೂ ಒಂದು.”

ಅವನು ಎದ್ದು ಪಂಪು ಹೊತ್ತುಕೊಂಡ. ಅವತ್ತು ಲೋಟದ ಚಹಾ ಅರ್ಧಕ್ಕೇ ಬಿಟ್ಟ. ಇಷ್ಟು ವರ್ಷ ಕುಕ್ಕರುಗಾಲಲ್ಲಿ ಕೂತು ನೋಡಿದ ಸಾವೆಲ್ಲ ಬೇರೆ ಸೊಳ್ಳೆಗಳದ್ದು. ಅಮ್ಮನ ಕಾಲನ್ನು ಹಾಗೆ ಮಾಡಿದ್ದು ಬೇರಿಗೆ ಅಂಟಿಕೊಂಡು, ಅವನ ಎಣ್ಣೆಯ ಒಂದು ಮೊಳ ಕೆಳಗೆ, ತಣ್ಣಗೆ ಕುಳಿತಿತ್ತು.

ಟೀಚರಮ್ಮ ಸುಮ್ಮನೆ ಕೂರುವ ಜಾತಿಯವರಲ್ಲ. ಆರೋಗ್ಯ ಇನ್ಸ್‌ಪೆಕ್ಟರರನ್ನು ಹಿಡಿದು ಒಂದು ಒಪ್ಪಂದಕ್ಕೆ ತಂದರು. ಕೆರೆಯಲ್ಲಿ ಮೆಟ್ಟಿಲುಗಳ ಪಕ್ಕಕ್ಕಿದ್ದ ಪೂರ್ವದ ಮೂಲೆಗೆ ಎಣ್ಣೆ ಹೊಡೆಯುವಂತಿಲ್ಲ. ಅಲ್ಲಿ ಅಂತರಗಂಗೆಯನ್ನು ಮಾತ್ರ ಕೈಯಿಂದ ಕಿತ್ತು ದಡಕ್ಕೆ ಹಾಕುವುದು, ನೈದಿಲೆ ಜೊಂಡುಗಳನ್ನು ಹಾಗೇ ಬಿಡುವುದು. ಮೂರು ವರ್ಷ ಲೆಕ್ಕ ನೋಡಿ, ಸೊಳ್ಳೆ ಎಲ್ಲಿ ಕಡಿಮೆಯಾಯಿತೋ ಆ ದಾರಿ ಹಿಡಿಯುವುದು. ಸೊಳ್ಳೆ ಮಾವನೇ ಬಿದಿರು ಗೂಟ ನೆಟ್ಟು, ಹಗ್ಗ ಎಳೆದು, ಕೆಂಪು ಬಟ್ಟೆಯ ಚೂರು ಕಟ್ಟಿಕೊಟ್ಟ. ಎರಡು ವರ್ಷ ಹಗ್ಗದ ಆಚೆ ಒಂದು ಹನಿ ಬೀಳದಂತೆ ನೋಡಿಕೊಂಡ. ಅಲ್ಲಿ ನೀರು ತಿಳಿಯಾಯಿತು. ಜೊಂಡಿನ ಗರಿಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಬಿಟ್ಟುಹೋದ ಒಣ ಚರ್ಮಗಳು ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ಅಂಟಿಕೊಂಡಿರುತ್ತಿದ್ದವು.

ಮೂರನೆಯ ವರ್ಷ ಶಾಲೆಯಲ್ಲಿ ಒಂದು ಸಭೆ ಆಯಿತು. ಪೋಷಕರು, ಪುರಸಭೆಯವರು, ಇನ್ಸ್‌ಪೆಕ್ಟರು ಎಲ್ಲ ಬಂದಿದ್ದರು. ಸೊಳ್ಳೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡನೆಯ ಸಾಲಿನಲ್ಲಿ ಕುಳಿತಿದ್ದ. ಟೀಚರಮ್ಮ ಗೋಡೆಗೆ ಪಟ್ಟಿ ತೂಗುಹಾಕಿ ವಿವರಿಸಿದರು. ಎಣ್ಣೆ ಬಿದ್ದ ಕಡೆ ಸೊಳ್ಳೆ ತಿನ್ನುವ ಮರಿಗಳು ಒಂದು ಗಿಡಕ್ಕೆ ಒಂದೂ ಇಲ್ಲ. ಎಣ್ಣೆ ಬೀಳದ ಕಡೆ ಹದಿನಾಲ್ಕು. ಬೇರಿಗೆ ಅಂಟುವ ಸೊಳ್ಳೆ ಮಾತ್ರ ಎಣ್ಣೆ ಬಿದ್ದ ಕಡೆಯೇ ಜಾಸ್ತಿ.

“ಒಂದೇ ಮಾತಲ್ಲಿ ಹೇಳಬೇಕಂದ್ರೆ,” ಎಂದರು ಅವರು, “ಇಷ್ಟು ವರ್ಷ ನಾವು ಕಳ್ಳರನ್ನ ಬಿಟ್ಟು ಪೊಲೀಸರನ್ನ ಸಾಯಿಸಿದ್ದೀವಿ.”

ಸಭೆ ನಕ್ಕಿತು. ಹಿಂದಿನಿಂದ ಯಾವಳೋ ಹುಡುಗಿ, “ಸೊಳ್ಳೆ ಮಾವ ಅಲ್ಲ ಕಣೇ, ಸೊಳ್ಳೆ ಸಾಕಿದ ಮಾವ” ಎಂದಳು. ನಗು ಇನ್ನೊಮ್ಮೆ ಎದ್ದಿತು. ಮೊಮ್ಮಗಳು ಗೆಳತಿಯರ ನಡುವೆ ತಲೆ ತಗ್ಗಿಸಿ ಕುಳಿತಿದ್ದಳು. ಅವನು ತಿರುಗಿ ನೋಡಿದ್ದೇ ತಪ್ಪಾಯಿತು. ಅವಳು ಇವನ ಕಣ್ಣು ತಪ್ಪಿಸಿದಳು. ಟೀಚರಮ್ಮ ನಗಲಿಲ್ಲ, ಇವನನ್ನು ಅನ್ನಬೇಕೆಂದು ಅಂದದ್ದೂ ಅಲ್ಲ. ಅದೆಲ್ಲ ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕಿವಿ ಕೆಂಪಾಗುವುದು ನಿಲ್ಲಲಿಲ್ಲ.

ಮರುದಿನ ಕೆರೆಗೆ ಅವನ ಸರದಿ. ಆಗ ಇಲಾಖೆಗೆ ಹೊಸ ಎಣ್ಣೆ ಬಂದಿತ್ತು: ನೀರಿನಷ್ಟು ತೆಳು, ಔಷಧ ಬೆರೆಸಿದ್ದು, ವಾಸನೆ ಇಲ್ಲದ್ದು. ಬಿಸಿಲು ಇನ್ನೂ ಏರಿರಲಿಲ್ಲ. ಹಗ್ಗದ ಹತ್ತಿರ ಬಂದಾಗ ಟ್ಯಾಂಕಿನಲ್ಲಿ ಕಾಲು ಭಾಗ ಉಳಿದಿತ್ತು. ಕೆಂಪು ಬಟ್ಟೆಯ ಚೂರುಗಳು ಗಾಳಿಗೆ ಆಡುತ್ತಿದ್ದವು. ಅವನು ಹಗ್ಗವನ್ನು ಎಡಗೈಯಿಂದ ಎತ್ತಿ, ಬಗ್ಗಿ, ಆಚೆ ದಾಟಿದ. ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಎಂದಿನ ಹಾಗೆ ಮಣಿಕಟ್ಟು ತಿರುಗಿಸಿ, ತೆಳ್ಳಗೆ, ಹದವಾಗಿ, ಒಂದು ಎಲೆಯನ್ನೂ ಬಿಡದೆ ಹೊಡೆದ. ಟ್ಯಾಂಕು ಖಾಲಿಯಾಯಿತು. ಅವತ್ತು ಮಾತ್ರ ಕುಕ್ಕರುಗಾಲಲ್ಲಿ ಕೂತು ನೋಡಲಿಲ್ಲ. ಬೇಗ ಬೇಗ ನಡೆದ.

ಎರಡು ದಿನದ ಮೇಲೆ ಟೀಚರಮ್ಮ ಅವನನ್ನು ಕೂಗಿ ಕರೆದರು. ಹೋಗಿ ನೋಡಿದರೆ ಅವರು ನೀರಿನಲ್ಲೇ ನಿಂತಿದ್ದಾರೆ, ಬೇಸಿನ್ನು ಕೈಯಲ್ಲಿ ವಾಲಿದೆ. ನೈದಿಲೆ ಎಲೆಗಳ ನಡುವೆ ನೀರುಜೀರುಂಡೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂರು ಬಾಲದ ಕಡ್ಡಿಮರಿಗಳು ಬಣ್ಣ ಕಳೆದುಕೊಂಡು ಅಂಚಿಗೆ ಸೇರಿದ್ದವು. ಜೊಂಡಿನ ಕಾಂಡವೊಂದರ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ಬೆನ್ನು ಬಿರಿದು, ತಲೆ ಮತ್ತು ಎರಡು ಕಾಲು ಹೊರಗೆ ಹಾಕಿ, ಅಷ್ಟಕ್ಕೇ ನಿಂತುಬಿಟ್ಟಿತ್ತು. ರೆಕ್ಕೆ ಮುದುಡಿದ ಕಾಗದದ ಹಾಗಿತ್ತು.

“ನೀವು ಈ ಕಡೆ ಹೊಡೆದಿಲ್ಲ ತಾನೇ ಅಣ್ಣಾ?” ಎಂದು ಕೇಳಿದರು. ಅನುಮಾನದಿಂದ ಕೇಳಿದ್ದಲ್ಲ, ಕೇಳಬೇಕಲ್ಲ ಎಂದು ಕೇಳಿದ್ದು.

“ನಾನು ಹಗ್ಗದ ಹತ್ತಿರಾನೂ ಹೋಗಿಲ್ಲ ಮೇಡಂ.”

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಟೀಚರಮ್ಮ ನೀರಿನ ಮೇಲಿನ ಮಿನುಗನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು. ವಾಸನೆ ಸಿಗಲಿಲ್ಲ. “ಮತ್ತೆ ಇದೇನು?” ಎಂದರು. ಸೊಳ್ಳೆ ಮಾವನ ಬಾಯಿಂದ ಇನ್ನೊಂದು ಮಾತು ಹೊರಬಿತ್ತು.

“ಮೊನ್ನೆ ಜಮಖಾನೆಯವನು ಸಭಾಂಗಣದ್ದು ದೊಡ್ಡ ಗಂಟು ತಂದಿದ್ದ. ಸೋಪು ಏನಾದ್ರೂ…”

ಅಷ್ಟೇ. ವಾಕ್ಯ ಪೂರ್ತಿ ಕೂಡ ಮಾಡಲಿಲ್ಲ.

ಟೀಚರಮ್ಮ ಇನ್ಸ್‌ಪೆಕ್ಟರರಿಗೆ ಬರೆದರು. ಇನ್ಸ್‌ಪೆಕ್ಟರು ಬಂದು ಮೆಟ್ಟಿಲ ಮೇಲಿದ್ದ ಸೋಪಿನ ಡಬ್ಬ ನೋಡಿದರು, ತಲೆಯಾಡಿಸಿದರು. ಹದಿನೈದು ದಿನದಲ್ಲಿ ಮೆಟ್ಟಿಲುಗಳಿಗೆ ಸರಪಳಿ ಬಿತ್ತು, ಪಕ್ಕದಲ್ಲಿ ಬೋರ್ಡು ಬಂತು: ಇಲ್ಲಿ ತೊಳೆಯುವುದನ್ನು ನಿಷೇಧಿಸಲಾಗಿದೆ. ಸರಪಳಿಗೆ ಬೀಗ ಹಾಕುವಾಗ ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು. ಹಿಡಿದುಕೊಂಡವನು ಸೊಳ್ಳೆ ಮಾವ.

“ಇಪ್ಪತ್ತಾರು ವರ್ಷ ತೊಳೆದಿದೀನಲ್ಲೋ ಸೊಳ್ಳೆ” ಎಂದ ಜಮಖಾನೆಯವನು, ಕೈಗಾಡಿಯ ಮೇಲೆ ಕುಳಿತು. “ಒಂದು ಮೀನು ಸತ್ತಿದ್ದು ನೋಡಿದೀಯಾ ನೀನು? ಮೆತ್ತನೆ ಸೋಪು ಹಾಕ್ತೀನಿ, ಜಾಸ್ತಿ ಹಾಕಿದರೆ ಬಣ್ಣ ಬಿಡುತ್ತೆ. ನೀನೇ ಹೇಳು.”

“ಏನ್ ಮಾಡೋಕಾಗುತ್ತೆ, ಮೇಲಿನವರ ಆರ್ಡರು” ಎಂದ ಇವನು.

“ನೀನು ಒಂದು ಮಾತು ಹೇಳಿದ್ರೆ ಕೇಳ್ತಿದ್ರೇನೋ.”

“ನನ್ನ ಮಾತು ಯಾರು ಕೇಳ್ತಾರೆ ಬಿಡು.”

ಜಮಖಾನೆಯವನು ಕೆಲವು ತಿಂಗಳು ಊರಾಚೆಯ ಬೋರ್‌ವೆಲ್ಲಿನ ಹತ್ತಿರ ನೀರು ಸೇದಿ ತೊಳೆಯಲು ನೋಡಿದ. ದೊಡ್ಡ ಜಮಖಾನೆಗೆ ಹರಿಯುವಷ್ಟು ನೀರು ಬೇಕು, ಕೊಡದಲ್ಲಿ ಆಗುವ ಕೆಲಸವಲ್ಲ. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಯಂತ್ರದ ಲಾಂಡ್ರಿಗೆ ಹೋದರು. ಕಡೆಗೆ ಅವನೂ ಅದೇ ಲಾಂಡ್ರಿಗೆ ಹೋಗಿ ಹೊದಿಕೆ ಮಡಚುವ ಕೆಲಸಕ್ಕೆ ಸೇರಿದ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ನಿಂತೇ ಕೆಲಸ, ತಲೆಯ ಮೇಲೆ ಟ್ಯೂಬ್‌ಲೈಟು. ಸೊಳ್ಳೆ ಮಾವ ದಿನಾ ಹತ್ತು ಗಂಟೆಗೆ ಲಾಂಡ್ರಿಯ ಹಿಂಬಾಗಿಲಿಗೆ ಹೋಗುತ್ತಿದ್ದ. ಅದೇ ಫ್ಲಾಸ್ಕು, ಅದೇ ಲೋಟ. ಜಮಖಾನೆಯವನು ಲೋಟ ಚಾಚಿ, “ಊರಲ್ಲಿ ಎಲ್ಲ ಮರೆತರು, ನೀನೊಬ್ಬ ಮರೀಲಿಲ್ಲ ನೋಡು” ಎನ್ನುತ್ತಿದ್ದ. ಹೋಗದಿದ್ದರೆ ಗುಟ್ಟು ಗೊತ್ತಾಗಿಬಿಡುತ್ತದೆ ಎಂಬ ಭಯ. ಹೋದರೆ ಈ ಮಾತು. ಎರಡರ ನಡುವೆ ದಿನಾ ಹತ್ತಾಗುತ್ತಿತ್ತು.

ಕೆಲಸದಿಂದ ನಿವೃತ್ತನಾದ ಮೇಲೆ ಅವನು ಟೀಚರಮ್ಮನ ಬಳಿ ಹೋಗಿ, “ಸುಮ್ಮನೆ ಇದೀನಿ ಮೇಡಂ, ಅಂತರಗಂಗೆ ಕೀಳೋಕೆ ಬರ್ತೀನಿ” ಎಂದ. ಅವರಿಗೆ ಸಂತೋಷವಾಯಿತು. ಪೂರ್ವದ ಮೂಲೆಯಲ್ಲಿ ಎಲ್ಲ ಮೊದಲಿನಿಂದ ಆಗಬೇಕಿತ್ತು. ವಾರಕ್ಕೆ ಎರಡು ಬೆಳಿಗ್ಗೆ ಅವನು ಎದೆಮಟ್ಟದ ನೀರಿನಲ್ಲಿ ನಿಂತು ಗಿಡ ಎಳೆದು ದಡಕ್ಕೆ ಎಸೆದ. ಭುಜ ನೋಯುವವರೆಗೆ ಎಳೆದರೆ ಸ್ವಲ್ಪ ಹಗುರಾಗುತ್ತದೆ ಎಂದುಕೊಂಡಿದ್ದ. ಭುಜ ನೋಯಿತು.

ಆದರೆ ಕಣ್ಣು ಕಲಿಯಿತು. ಇಷ್ಟು ವರ್ಷ ಸಾಯುವುದನ್ನು ನೋಡಿ ಪಳಗಿದ್ದ ಕಣ್ಣು ಈಗ ಬದುಕುವುದನ್ನು ಹುಡುಕತೊಡಗಿತು. ಎಲೆಯ ಮೇಲಿನ ಬಿಳಿ ಗೆರೆ ನೋಡಿ ಹುಳು ಒಳಗಿದೆಯೋ ಹೊರಟುಹೋಗಿದೆಯೋ ಹೇಳುತ್ತಿದ್ದ. ಮೊದಲ ವರ್ಷ ಬಂದವು ಎಲೆ ಕೊರೆಯುವ ಕೂದಲೆಳೆ ಹುಳುಗಳು; ಅವು ಎಲ್ಲಿಗಾದರೂ ಬರುತ್ತವೆ. ಅಂಗಿ ಹೊಲಿಯುವ ಪತಂಗದ ಮರಿಗಳು ಆಮೇಲೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ಎರಡನೆಯ ವರ್ಷವೂ ಬೆರಳೆಣಿಕೆಯಷ್ಟೇ. ಅದರಲ್ಲೂ ದೊಡ್ಡ ಜಾತಿಯವು ನೀರಿನಲ್ಲೇ ವರ್ಷಗಟ್ಟಲೆ ಬೆಳೆಯಬೇಕು, ಹಾಗಾಗಿ ನಿಧಾನ ಎಂದರು ಟೀಚರಮ್ಮ. ಅವನು ಹೂಂ ಎಂದ. ಆ ಬೆಳಿಗ್ಗೆ ಅವನು ಕಾಲು ಟ್ಯಾಂಕು ಖಾಲಿ ಮಾಡಲು ತೆಗೆದುಕೊಂಡದ್ದು ಐದು ನಿಮಿಷ.

ಟೀಚರಮ್ಮನ ವರದಿ ಪುಸ್ತಕವಾಗಿ ಅಚ್ಚಾಯಿತು. ಇಪ್ಪತ್ತು ಪುಟದ ಸಣ್ಣ ಪುಸ್ತಕ. ಮೊಮ್ಮಗಳು ಅದನ್ನು ಶಾಲೆಯಿಂದ ತಂದು ಊಟದ ಹೊತ್ತಿನಲ್ಲಿ ಜೋರಾಗಿ ಓದಿದಳು. “ತಾತ, ನಿನ್ನ ಹೆಸರು ಹಾಕಿದಾರೆ! ‘ಇವರ ಕಣ್ಣಿನ ಸೂಕ್ಷ್ಮ ಮತ್ತು ಪ್ರಾಮಾಣಿಕತೆ ಇಲ್ಲದೆ ಈ ಕೆಲಸ ಸಾಧ್ಯವಿರಲಿಲ್ಲ.’” ಹೆಂಡತಿ ಅನ್ನದ ಸೌಟು ಹಿಡಿದವಳು ಹಾಗೇ ನಿಂತು, “ಇನ್ನೊಂದು ಸಲ ಓದೇ” ಎಂದಳು. ಮೊಮ್ಮಗಳು ಓದಿ, ಪುಟ ತಿರುಗಿಸಿ, ಮುಂದಕ್ಕೂ ಓದುತ್ತ ಹೋದಳು. “‘ಮೂರನೆಯ ವರ್ಷ ಜಮಖಾನೆ ತೊಳೆಯುವವರೊಬ್ಬರ ಸೋಪಿನಿಂದ ಪೂರ್ವದ ಮೂಲೆಯ ಬಹುತೇಕ ಎಲ್ಲಾ ಮರಿಹುಳುಗಳೂ ನಾಶವಾದವು.’”

ಅವನು ತಟ್ಟೆ ಸರಿಸಿದ.

“ಯಾಕ್ರೀ, ಏನಾಯ್ತು?”

“ಅದು ಸೋಪಲ್ಲ” ಎಂದ. “ನಾನು.”

ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ಅವನೇ ಹೇಳಿದ. ಸಭೆಯಲ್ಲಿ ನಕ್ಕದ್ದು, ಹಗ್ಗ ದಾಟಿದ್ದು, ಸೋಪಿನ ಮಾತು ಹೇಳಿದ್ದು ಯಾರು, ಬೀಗ ಹಾಕುವಾಗ ಸರಪಳಿ ಹಿಡಿದದ್ದು ಯಾರು, ಎಲ್ಲ. ಮೊಮ್ಮಗಳು ಅಳತೊಡಗಿದಳು. “ಅವತ್ತು ನಾನು ನಗಲಿಲ್ಲ ತಾತ” ಎಂದಳು. “ಗೊತ್ತು ಮಗಾ” ಎಂದ ಅವನು. ಹೆಂಡತಿ ಅಳಲೂ ಇಲ್ಲ, ಬೈಯಲೂ ಇಲ್ಲ.

“ಮೂರು ವರ್ಷ ಅವನ ಚಹಾ ಕುಡಿದ್ರಿ” ಎಂದಳು. “ನನ್ನ ಮುಂದೆ ಹೇಳಿ ಏನ್ ಉಪಯೋಗ? ನನಗೇನು ಸರಪಳಿ ಹಾಕಿದ್ರಾ? ಹೋಗಿ, ಅವನ ಮುಂದೆ ಹೇಳಿ. ಹೇಳದೆ ಮನೆಗೆ ಬರಬೇಡಿ.”

ಲಾಂಡ್ರಿಯ ಕೋಣೆಯಲ್ಲಿ ಜಮಖಾನೆಯವನು ಹೋಟೆಲಿನ ಬಿಳಿ ಹೊದಿಕೆಯ ಎರಡು ತುದಿ ಹಿಡಿದು ನಿಂತಿದ್ದ. “ಬಂದ್ಯಾ, ಆ ಕಡೆ ತುದಿ ಹಿಡಿ” ಎಂದ. ಸೊಳ್ಳೆ ಮಾವ ಹಿಡಿದುಕೊಂಡ. ಮಡಚುತ್ತ ಹತ್ತಿರ ಬಂದಾಗ ಹೇಳಿದ. ಚಿಕ್ಕದಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಉದ್ದವಾಯಿತು, ತೊದಲಿತು, ನಡುವೆ ಸಮರ್ಥನೆಯೂ ಸೇರಿಕೊಂಡಿತು. ಜಮಖಾನೆಯವನು ಹೊದಿಕೆಯನ್ನು ರಾಶಿಯ ಮೇಲಿಟ್ಟು, ಕೈಯಿಂದ ಸುಕ್ಕು ಸರಿಮಾಡಿದ.

“ಚಹಾ ಕುಡಿಯುವಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ದಿನಾ?”

“ದಿನಾ.”

ಜಮಖಾನೆಯವನು ಇನ್ನೊಂದು ಹೊದಿಕೆ ಎತ್ತಿಕೊಂಡ. ಸೊಳ್ಳೆ ಮಾವ ತುದಿ ಹಿಡಿಯಲು ಕೈ ಚಾಚಿದ. ಅವನು ಕೊಡಲಿಲ್ಲ. ಎರಡೂ ತುದಿಗಳನ್ನು ತಾನೇ ಹಿಡಿದು, ಗದ್ದದ ಕೆಳಗೆ ಒತ್ತಿಕೊಂಡು, ಒಬ್ಬನೇ ಮಡಚಿದ. “ಬೈಯೋ” ಎಂದ ಸೊಳ್ಳೆ ಮಾವ. “ನನಗೆ ಕೆಲಸ ಇದೆ” ಎಂದ ಅವನು.

ಟೀಚರಮ್ಮ ಬೈದರು. ಸ್ಟಾಫ್ ರೂಮಿನಲ್ಲಿ ಬೇರೆ ಟೀಚರುಗಳು ತಿರುಗಿ ನೋಡುವಷ್ಟು ಬೈದರು. “ನಾನು ಒಬ್ಬ ಮನುಷ್ಯನ ಹೊಟ್ಟೆ ಮೇಲೆ ಹೊಡೆದೆ, ನಿಮ್ಮ ಮಾತು ನಂಬಿ! ಒಂದು ಸಲ ಆ ನೀರು ಪರೀಕ್ಷೆಗೆ ಕಳಿಸಬೇಕಿತ್ತು ನಾನು. ಕಳಿಸಲಿಲ್ಲ. ನೀವು ಹೇಳಿದ್ರಿ ಅಂತ!” ಆಮೇಲೆ ಮೇಜಿನ ಖಾನೆಯಿಂದ ಹಳೆಯ ನೋಟು ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಕಿತ್ತರು.

“ಯಾವ ದಿನ? ಎಷ್ಟು ಗಂಟೆಗೆ? ಎಷ್ಟು ಎಣ್ಣೆ? ಯಾವ ಗೂಟದಿಂದ ಶುರು ಮಾಡಿದ್ರಿ?”

ಅವನು ಒಂದನ್ನೂ ಮರೆತಿರಲಿಲ್ಲ. ಎಲ್ಲ ಹೇಳಿದ. ಅವರು ಬರೆದುಕೊಂಡರು. ಆ ವಾರ ಹಗ್ಗದೊಳಗೆ ಉಳಿದಿದ್ದ ನಾಲ್ಕೈದು ಅಂತರಗಂಗೆ ಗಿಡಗಳ ಬೇರು ಅಲ್ಲಾಡಿಸಿ ನೋಡಿದ್ದು ಅವರ ಪುಟದಲ್ಲಿತ್ತು: ಬೇರಿನ ಸೊಳ್ಳೆಮರಿಗಳು ಹೆಚ್ಚುಕಡಿಮೆ ಮೊದಲಿನಷ್ಟೇ, ಬೇರೆಲ್ಲವೂ ಸೊನ್ನೆ. ಸೋಪು ಎಂದುಕೊಂಡಿದ್ದರಿಂದ ಆ ಸಾಲಿಗೆ ಅವರು ಬೆಲೆ ಕೊಟ್ಟಿರಲಿಲ್ಲ. ಎಣ್ಣೆ ಎಂದು ಗೊತ್ತಾದರೆ, ಅವರು ಇಷ್ಟು ವರ್ಷ ಹೇಳುತ್ತಿದ್ದದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

“ನಿಮ್ಮ ತಪ್ಪು ನನಗೆ ಉಪಯೋಗಕ್ಕೆ ಬಂತು ಅಂತ ಸಮಾಧಾನ ಮಾಡ್ಕೋಬೇಡಿ” ಎಂದರು ಪುಸ್ತಕ ಮುಚ್ಚುತ್ತ.

“ಇಲ್ಲ ಮೇಡಂ.”

ತಿದ್ದಿದ ವರದಿ ಹೋಯಿತು. ಕೆರೆಗೆ ಎಣ್ಣೆ ಹೊಡೆಯುವುದು ಆ ವರ್ಷದಿಂದಲೇ ನಿಂತಿತು. ಗಿಡ ಕೀಳುವವರನ್ನು ನೇಮಿಸಿದರು. ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲ. ನಿವೃತ್ತನಾದವನ ಮೇಲೆ ಏನು ಕ್ರಮ ಎಂದು ಇನ್ಸ್‌ಪೆಕ್ಟರು ಕಾಗದವನ್ನು ಫೈಲಿಗೆ ಸೇರಿಸಿದರು. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಸರಪಳಿ ತೆಗೆಸಿದರು, ಬೋರ್ಡು ಕೀಳಿಸಿದರು. ಟೀಚರಮ್ಮ ತಾವೇ ಲಾಂಡ್ರಿಗೆ ಹೋಗಿ ಕೈಮುಗಿದು ಕ್ಷಮೆ ಕೇಳಿದರು. ಜಮಖಾನೆಯವನು ಅವರಿಗೆ ಕುರ್ಚಿ ಹಾಕಿಸಿ, “ನಿಮ್ದೇನೂ ತಪ್ಪಿಲ್ಲ ಬಿಡಿ ಅಮ್ಮ” ಎಂದನಂತೆ. ಮೆಟ್ಟಿಲಿಗೆ ಮಾತ್ರ ಮರಳಲಿಲ್ಲ. ಲಾಂಡ್ರಿಯಲ್ಲಿ ನಿಂತು ನಿಂತು ಮಂಡಿ ಹೋಗಿತ್ತು. ನೀರಿನಲ್ಲಿ ತುಳಿಯುವ ಕಾಲು ಅದಲ್ಲ. ಕೈಗಾಡಿಯನ್ನು ಯಾರಿಗೋ ಕೊಟ್ಟುಬಿಟ್ಟ.

ಹತ್ತು ಗಂಟೆಯಾದರೆ ಸೊಳ್ಳೆ ಮಾವನಿಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಕೆರೆಯ ಕೆಲಸ ಬಿಡಲಿಲ್ಲ. ಟೀಚರಮ್ಮ ಹುಡುಗಿಯರನ್ನು ಕರೆತಂದಾಗ ಬೇಸಿನ್ನಿನ ಮುಂದೆ ಕೂತು ಮರಿಹುಳುಗಳನ್ನು ತೋರಿಸುತ್ತಿದ್ದ. ಅವನು ಗಿಡ ಕೀಳತೊಡಗಿದ ಮೂರನೆಯ ವರ್ಷ ದೊಡ್ಡ ಜಾತಿಯ ಮರಿಯೊಂದು ಸಿಕ್ಕಿದಾಗ ಹುಡುಗಿಯರು ಕಿರುಚಿ ಕುಣಿದರು. ಅವನು ಅದನ್ನು ಅಂಗೈಯ ನೀರಿನಲ್ಲಿ ಎತ್ತಿ ನೋಡಿ, ಸಿಕ್ಕ ಕಾಂಡದ ಬುಡದಲ್ಲೇ ಬಿಟ್ಟ.

ಮಾರನೆಯ ಬೇಸಿಗೆಯಲ್ಲಿ ಲಾಂಡ್ರಿಯ ಹುಡುಗಿಯೊಬ್ಬಳು ಮನೆಗೆ ಬಂದು ಹೇಳಿದಳು: “ನಮ್ಮಲ್ಲಿ ನೀರಿನ ತೊಟ್ಟೀಲಿ ಹುಳ ಆಗಿದೆ. ಜಮಖಾನೆ ಅಜ್ಜ ನಿಮ್ಮನ್ನ ಕರೀತಿದಾರೆ.”

ಚಪ್ಪಲಿ ಹುಡುಕಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಜಮಖಾನೆಯವನು ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ದ. ತೊಟ್ಟಿಯ ಕಡೆ ಬೆರಳು ತೋರಿಸಿದ. ಸೊಳ್ಳೆ ಮಾವ ಬಗ್ಗಿ ನೋಡಿದ. ಬಾಲ ಮೇಲೆ ಮಾಡಿ ನೇತಾಡುವ ಸಾಮಾನ್ಯ ಜಾತಿ.

“ಮುಚ್ಚಳ ಸರಿಯಾಗಿ ಕೂರ್ತಿಲ್ಲ” ಎಂದ. “ಅದಕ್ಕೇ ಸೊಳ್ಳೆ ಒಳಗೆ ಹೋಗ್ತಿದೆ. ಎಣ್ಣೆ ಗಿಣ್ಣೆ ಬೇಡ.”

ತೊಟ್ಟಿ ಖಾಲಿ ಮಾಡಿ, ಉಜ್ಜಿ, ಮುಚ್ಚಳದ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿ, ಬಿಗಿಯಾಗಿ ಕೂರಿಸಲು ಮಧ್ಯಾಹ್ನವಾಯಿತು. ಜಮಖಾನೆಯವನು ಅಷ್ಟು ಹೊತ್ತೂ ಅಲ್ಲೇ ನಿಂತಿದ್ದ, ಮಂಡಿ ನೋಯುತ್ತಿದ್ದರೂ. ಕೊನೆಗೆ ಬಂದು ಮುಚ್ಚಳವನ್ನು ಕೈಯಿಂದ ಒತ್ತಿ ನೋಡಿದ. ಅಲುಗಲಿಲ್ಲ.

“ಆಯ್ತು” ಎಂದ. “ಹೋಗು.”

ಸೊಳ್ಳೆ ಮಾವ ಕೈ ಒರೆಸಿಕೊಂಡು ಹೊರಟ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಮತ್ತೊಂದು ಮಾತು ಬಂತು: “ತಿಂಗಳಿಗೊಂದು ಸಲ ಬಂದು ನೋಡಿಕೊಂಡು ಹೋಗು. ಹುಳ ಆಗಬಾರದು.”

ಅವನು ತಿಂಗಳಿಗೊಂದು ಸಲ ಹೋಗುತ್ತಾನೆ. ಮುಚ್ಚಳ ತೆಗೆದು ನೋಡುತ್ತಾನೆ, ಹುಳ ಇರುವುದಿಲ್ಲ, ಮುಚ್ಚುತ್ತಾನೆ. ಜಮಖಾನೆಯವನು ಒಮ್ಮೊಮ್ಮೆ ಹಿತ್ತಲಿಗೆ ಬರುತ್ತಾನೆ, ಹೆಚ್ಚು ಸಲ ಬರುವುದಿಲ್ಲ. ಇದು ಕ್ಷಮೆಯೋ, ಕೆಲಸವೋ ಎಂದು ಹೆಂಡತಿ ಕೇಳಿದಳು ಒಮ್ಮೆ. “ಕೆಲಸ ಅಂತಾನೇ ಅಂದ್ಕೊಂಡಿದೀನಿ” ಎಂದ ಸೊಳ್ಳೆ ಮಾವ. “ಅದಕ್ಕಿಂತ ಜಾಸ್ತಿ ಅಂದ್ಕೊಳ್ಳೋಕೆ ನನಗೆ ಮುಖ ಇಲ್ಲ.”